ಒತ್ತಿ ತುಂಬಿದ ಗಾಳಿ

ಹೋದ ತಿಂಗಳು ಒಂದು ರವಿವಾರ ಮುಂಜಾನೆ ನನ್ನ ಅಕ್ಕನ ಮಗ ಕೈಯಲ್ಲಿ ಒಂದು ಯಾದಿ ಹಿಡಿದುಕೊಂಡು ಮನೆಗೆ ಬಂದನು. ಮದುವೆಯ ಯಾದಿ ಇರಬೇಕೆಂದು ನಾನು ಸಂತೋಷದಿಂದ ಕನ್ನಡಕ ಹುಡುಕಿದೆನು. ಅದು ಮದುವೆಯದಲ್ಲ, ಮೋಟಾರಿನದು.

ಹುಡುಗನು ಹೋದ ವರ್ಷ ಒಂದು ಹಳೆಯ ಮರ್ಸಿಡಿಸ್ ಕಾರನ್ನು ಕೊಂಡಿದ್ದನು. ಹದಿನೆಂಟು ವರ್ಷ ತುಂಬಿದ ಗಾಡಿ. ಅದರ ಹಿಂಭಾಗದಲ್ಲಿ ಬೆಳ್ಳಿಯ ಬಣ್ಣದ ಅಕ್ಷರಗಳಲ್ಲಿ 'ಕೊಂಪ್ರೆಸ್ಸೋರ್' ಎಂದು ಬರೆದಿದೆ. ಇದರೊಳಗೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇದೆಯೇ ಎಂದು ಓಣಿಯ ಹುಡುಗರು ಕೇಳಿ ನಕ್ಕರಂತೆ. ಆ ಹುಡುಗರು ಪೂರ್ಣ ತಪ್ಪಿದ್ದರೆಂದು ಹೇಳಲಾರೆ. ಎಂಜಿನ್ನಿನ ಬಾಯಿಗೆ ಗಾಳಿಯನ್ನು ಒತ್ತಿ ತುಂಬುವ ಒಂದು ಪಂಪು ಅದರಲ್ಲಿ ಇದ್ದೇ ಇದೆ. ಎಂಜಿನ್ನೇ ಬೆಲ್ಟಿನಿಂದ ಅದನ್ನು ತಿರುಗಿಸುತ್ತದೆ. ಇದಕ್ಕೆ ಜಗತ್ತೆಲ್ಲ ಸೂಪರ್‌ಚಾರ್ಜರ್ ಎನ್ನುತ್ತದೆ.

ಯಾದಿಯಲ್ಲಿ ಏಳೆಂಟು ಬಾಬುಗಳಿದ್ದವು. ಪಂಪು ಹೆಚ್ಚು ವೇಗದಿಂದ ತಿರುಗುವಂತೆ ಸಣ್ಣ ಪುಲಿ; ಗಾಳಿಯನ್ನು ಸರಾಗವಾಗಿ ಬಿಡುವ ಫಿಲ್ಟರು; ಗುಡುಗುವ ಸೈಲೆನ್ಸರು; ದೊಡ್ಡ ಇಂಜೆಕ್ಟರುಗಳು; ಒತ್ತಿದ ಗಾಳಿಯನ್ನು ತಂಪು ಮಾಡುವ ಕೂಲರು; ಎಂಜಿನ್ನಿನ ಗಣಕಯಂತ್ರಕ್ಕೆ ಹೊಸ ಲೆಕ್ಕ; ಎಲ್ಲಕ್ಕೂ ಕೊನೆಗೆ ಬ್ರೇಕು ಮತ್ತು ಟಾಯರು. ಈ ಕೊನೆಯ ಎರಡರ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಿತ್ತು.

"ಮಾಮಾ, ಎಲ್ಲಾದಕ್ಕೂ ರೊಕ್ಕ ಸಾಲೂದುಲ್ಲ. ಮದಲ ಯಾವುದು ಹಾಕಸಬೇಕು, ನೀವ ಹೇಳ್ರಿ. ಡಿಸೆಂಬರದಾಗ ಗೆಳ್ಯಾರ ಜೋಡಿ ಅನಮೋಡ ಘಾಟ ಇಳದು ಗೋವಾಕ್ಕ ಹೋಗೂದೈತಿ."

"ಅಲ್ಲೋ, ನಾ ಏನ ಮಿಸ್ತ್ರಿ ಏನು?" ಎಂದೆನು.

"ಮಿಸ್ತ್ರಿ ಎಲ್ಲಾನೂ ಹಾಕಸು ಅಂತಾನ್ರಿ. ಅದಕ್ಕ ನಿಮ್ಮ ಕಡೆ ಬಂದೇನಿ."

ಇತಿಹಾಸ ಓದುವವನಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಮೊದಲು, ಇದೇ ಪ್ರಶ್ನೆ ಹಿಂದೆ ಯಾರಿಗೆ ಬಂದಿತ್ತು, ಅವರು ಏನು ಮಾಡಿದರು ಎಂದು ಅವನು ಹುಡುಕಲು ಹೊರಡುತ್ತಾನೆ. ಹಾಗೆ ಹುಡುಕಿದಾಗ ನನಗೆ ಕಂಡುದೇನೆಂದರೆ, ಈ ಪ್ರಶ್ನೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಎದುರಿಸಿದವರು ನಮ್ಮ ರೇಲ್ವೆಯವರು. ಅದೂ ಹುಡುಗನು ಇಳಿಯಬೇಕೆಂದಿರುವ ಆ ಸಹ್ಯಾದ್ರಿಯ ಇಳಿಜಾರಿನಲ್ಲಿಯೇ.

ಮೊದಲು ಮೂಲದ ಮಾತು. ಎಂಜಿನ್ನಿಗೆ ಎಣ್ಣೆ ಕುಡಿಸುವುದು ಸುಲಭ, ಗಾಳಿ ಕುಡಿಸುವುದು ಕಷ್ಟ. ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ತೂಕದಲ್ಲಿ ಹದಿನಾಲ್ಕೂವರೆ ಪಾಲಿಗಿಂತ ಹೆಚ್ಚು ಗಾಳಿ ಬೇಕು. ಆದುದರಿಂದ ಎಂಜಿನ್ನಿನ ಬಲವೆಂದರೆ ಅದು ಎಷ್ಟು ಉಸಿರಾಡಬಲ್ಲದು ಎಂಬುದೇ ಆಗಿದೆ. ಹೆಚ್ಚು ಉಸಿರು ಬೇಕಾದರೆ ಎದೆಯನ್ನು ದೊಡ್ಡದು ಮಾಡಬೇಕು, ಇಲ್ಲವೆ ಗಾಳಿಯನ್ನು ಒತ್ತಿ ಒಳಕ್ಕೆ ನೂಕಬೇಕು.

ನೂಕುವ ಪಂಪು ಮೋಟಾರಿಗಿಂತಲೂ ಹಳೆಯದು. ಅಮೇರಿಕೆಯ ಇಂಡಿಯಾನಾ ಪ್ರಾಂತದ ರೂಟ್ಸ್ ಎಂಬ ಅಣ್ಣತಮ್ಮಂದಿರು 1860ರಲ್ಲಿ ಒಂದು ಗಾಳಿಯಂತ್ರದ ಪೇಟೆಂಟು ಪಡೆದರು. ಒಂದಕ್ಕೊಂದು ಹೊಂದಿಕೊಂಡು ತಿರುಗುವ ಎರಡು ಹಾಲೆಗಳು ಗಾಳಿಯನ್ನು ಹಿಡಿದು ಮುಂದಕ್ಕೆ ತಳ್ಳುವ ಈ ಯಂತ್ರವು ಕಬ್ಬಿಣ ಕರಗಿಸುವ ಕುಲುಮೆಗಳಿಗೆ ತಿದಿಯಾಗಿ ಬಳಕೆಗೆ ಬಂದಿತು. ಗಾಟ್ಲೀಬ್ ಡೈಮ್ಲರನು ಎಂಜಿನ್ನಿಗೆ ಗಾಳಿ ಒತ್ತುವ ವಿಚಾರವನ್ನು ತನ್ನ 1885ರ ಪೇಟೆಂಟಿನಲ್ಲಿಯೇ ಬರೆದಿಟ್ಟನು. ಅದೇ 1885ರಲ್ಲಿ ಸದರ್ನ್ ಮರಾಠಾ ರೇಲ್ವೆಯವರು ಹುಬ್ಬಳ್ಳಿಯಲ್ಲಿ ತಮ್ಮ ಕಾರಖಾನೆಯನ್ನು ತೆರೆದರು. ಎರಡಕ್ಕೂ ಆಗ ಏನೂ ಸಂಬಂಧವಿರಲಿಲ್ಲ. ಸಂಬಂಧ ಬರಲು ಬಹಳ ವರ್ಷ ಹಿಡಿಯಿತು.

1905ರಲ್ಲಿ ಸ್ವಿಟ್ಜರ್ಲಂಡದ ಆಲ್ಫ್ರೆಡ್ ಬ್ಯೂಖಿ ಎಂಬವನು ಇನ್ನೊಂದು ಹೆಜ್ಜೆ ಮುಂದೆ ಹೋದನು. ಎಂಜಿನ್ನು ಹೊರಕ್ಕೆ ಉಗುಳುವ ಬಿಸಿ ಹೊಗೆಯಲ್ಲಿ ಎಣ್ಣೆಯ ಶಾಖದ ಸುಮಾರು ಮೂರನೆಯ ಒಂದು ಪಾಲು ವ್ಯರ್ಥವಾಗಿ ಹೋಗುತ್ತದೆ. ಆ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಆ ಚಕ್ರದಿಂದ ಗಾಳಿ ಒತ್ತಬಾರದೇಕೆ? ಟರ್ಬೊ ಎಂದು ಈಗ ಹುಡುಗರ ಬಾಯಲ್ಲಿ ಓಡಾಡುವ ಸಾಧನ ಇದೇ. ಮಹಾಯುದ್ಧದ ಕಾಲಕ್ಕೆ ವಿಮಾನಗಳು ಮೇಲೆ ಹೋದಂತೆ ಗಾಳಿ ತೆಳುವಾಗಿ ಅವುಗಳ ಎಂಜಿನ್ನು ಸೊರಗತೊಡಗಿದವು. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರನು ಒಂದು ಲಿಬರ್ಟಿ ಎಂಜಿನ್ನನ್ನು ಅಮೇರಿಕೆಯ ಪೈಕ್ಸ್ ಪೀಕ್ ಎಂಬ, ನಾಲ್ಕು ಸಾವಿರದ ಮುನ್ನೂರು ಮೀಟರ್ ಎತ್ತರದ, ಪರ್ವತದ ತುದಿಗೆ ಸಾಗಿಸಿ ಪರೀಕ್ಷೆ ಮಾಡಿದನು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ನು ಅಲ್ಲಿ 230ಕ್ಕೆ ಇಳಿಯಿತು. ಟರ್ಬೊ ಕಟ್ಟಿದಾಗ ಮತ್ತೆ 356ಕ್ಕೆ ಏರಿತು. ನಮ್ಮ ಹುಬ್ಬಳ್ಳಿಯೂ ಸಮುದ್ರಮಟ್ಟದಿಂದ ಆರುನೂರು ಮೀಟರಿಗಿಂತ ಮೇಲಿದೆ. ಗೋವಾದ ದಂಡೆಗಿಂತ ಇಲ್ಲಿಯ ಗಾಳಿ ನೂರಕ್ಕೆ ಆರೋ ಏಳೋ ಪಾಲು ತೆಳು. ನಮ್ಮೂರ ಗಾಡಿಗಳು ಘಾಟ ಇಳಿದ ಮೇಲೆ ಚುರುಕಾದಂತೆ ಕಾಣುವುದು ಬರಿಯ ಸಮುದ್ರ ಕಂಡ ಉತ್ಸಾಹವಲ್ಲ.

ರಸ್ತೆಯ ಕಾರಿಗೆ ಈ ವಿದ್ಯೆ ಬಂದುದು 1921ರಲ್ಲಿ, ಬರ್ಲಿನ್ನಿನ ಪ್ರದರ್ಶನದಲ್ಲಿ. ತಂದವರು ಮರ್ಸಿಡಿಸ್‌ನವರೇ. ಅವರ ಒಂದು ಗಾಡಿಯ ಹೆಸರು 6/25/40. ಮೊದಲನೆಯ ಅಂಕೆ ಕರದ ಲೆಕ್ಕಕ್ಕೆ, ಎರಡನೆಯದು ಸಾಮಾನ್ಯ ಬಲ, ಮೂರನೆಯದು ಪಂಪು ಕೂಡಿದಾಗಿನ ಬಲ. ಪಂಪು ಯಾವಾಗಲೂ ತಿರುಗುತ್ತಿರಲಿಲ್ಲ. ಕಾಲ್ಮಣೆಯನ್ನು ತಳಕ್ಕೆ ಒತ್ತಿದಾಗ ಮಾತ್ರ ಕೂಡಿಕೊಳ್ಳುತ್ತಿತ್ತು. ಏರು ಹತ್ತುವಾಗಲೋ ಇನ್ನೊಬ್ಬನನ್ನು ಹಿಂದೆ ಹಾಕುವಾಗಲೋ ಕೆಲವು ಗಳಿಗೆ ಬಳಸತಕ್ಕ ಬಲ ಅದು. ತಮ್ಮ ಎಂಜಿನ್ನು ಆ ಭಾರವನ್ನು ಎಷ್ಟು ಹೊತ್ತು ತಡೆದೀತು ಎಂಬುದು ಮಾಡಿದವರಿಗೆ ತಿಳಿದಿತ್ತು.

ಇಂಗ್ಲಂಡದಲ್ಲಿ ಈ ತಿಳಿವಳಿಕೆಯ ಮೇಲೆಯೇ ಒಂದು ಜಗಳ ನಡೆಯಿತು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆನು, ಏಕೆಂದರೆ ನನ್ನ ಸೋದರಳಿಯನ ಯಾದಿಯ ವಾದವೆಲ್ಲ ಅದರಲ್ಲಿದೆ. ಬೆಂಟ್ಲಿ ಕಂಪನಿಯ ನಾಲ್ಕೂವರೆ ಲೀಟರಿನ ಗಾಡಿ 110 ಅಶ್ವಶಕ್ತಿಯದು. ಟಿಮ್ ಬರ್ಕಿನ್ ಎಂಬ ಸಾಹಸಿ ಓಟಗಾರನು ಅದರ ಮುಂದುಗಡೆಗೆ ಆಮ್‌ಹರ್ಸ್ಟ್ ವಿಲಿಯರ್ಸ್ ರಚಿಸಿದ ಪಂಪನ್ನು ಕಟ್ಟಿಸಿದನು. ರಸ್ತೆಯ ಗಾಡಿಗೇ 175 ಅಶ್ವಶಕ್ತಿ ಬಂದಿತು. ಓಟದ ಗಾಡಿಗೆ ಇನ್ನೂ ಹೆಚ್ಚು. ಗಾಡಿಯನ್ನು ನಿರ್ಮಿಸಿದ ಡಬ್ಲ್ಯು. ಓ. ಬೆಂಟ್ಲಿಗೆ ಮಾತ್ರ ಇದು ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. ಬಲ ಬೇಕಾದರೆ ದೊಡ್ಡ ಎಂಜಿನ್ನು ಮಾಡೋಣ, ಇದ್ದ ಎಂಜಿನ್ನಿನ ಕೊರಳು ಹಿಡಿದು ಗಾಳಿ ತುರುಕುವುದು ಬೇಡ ಎಂಬುದು ಆತನ ಪಕ್ಷ. 1930ರ ಲ ಮಾನ್ ಓಟಕ್ಕೆ ಎರಡೂ ಬಗೆಯ ಬೆಂಟ್ಲಿಗಳು ಇಳಿದವು. ಎದುರಿಗೆ ಕರಾಚ್ಚಿಯೋಲನ ಸೂಪರ್‌ಚಾರ್ಜರಿನ ಮರ್ಸಿಡಿಸ್. ಬರ್ಕಿನ್ನನು ಅದನ್ನು ಬೆನ್ನಟ್ಟಿ, ಟಾಯರಿನ ಮೈ ಹರಿದು ಹಾರುತ್ತಿರುವಾಗಲೂ ಬಿಡದೆ ಹಿಂದೆ ಹಾಕಿದನು. ನೋಡಿದವರು ಜನ್ಮದಲ್ಲಿ ಮರೆಯದ ದೃಶ್ಯ. ಆದರೆ ಇಪ್ಪತ್ನಾಲ್ಕು ತಾಸು ಮುಗಿಯುವಷ್ಟರಲ್ಲಿ ಮರ್ಸಿಡಿಸೂ ನಿಂತಿತ್ತು, ಪಂಪಿನ ಬೆಂಟ್ಲಿಗಳೂ ನಿಂತಿದ್ದವು. ಗೆದ್ದುದು ಪಂಪಿಲ್ಲದ ಆರೂವರೆ ಲೀಟರಿನ ಬೆಂಟ್ಲಿ, ಎರಡನೆಯದೂ ಅಂಥದೇ.

ಹಾಗಾದರೆ ಪಂಪು ಕೆಟ್ಟದೆ? ಬೆಂಟ್ಲಿಯ ಮಾತೇ ಕೊನೆಯ ಮಾತಾಗಿದ್ದರೆ ನಮ್ಮ ಘಾಟದಲ್ಲಿ ಒಂದು ಡೀಸೆಲ್ ಗಾಡಿಯೂ ಏರುತ್ತಿರಲಿಲ್ಲ.

ಆ ಘಾಟದ ಕಥೆ ಹೀಗಿದೆ. ಸದರ್ನ್ ಮರಾಠಾ ರೇಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿದ್ದಿತು. ಈಗ ಕರ್ನಾಟಕ ಕಾಲೇಜು ಇರುವ ಭವ್ಯ ಕಟ್ಟಡವೇ ಅದು. 1888ರಲ್ಲಿ ಈ ಕಂಪನಿಯ ಹಳಿ ಕ್ಯಾಸಲ್‌ರಾಕಿನಲ್ಲಿ ಪೋರ್ತುಗೀಜರ ಮರ್ಮಗೋವಾ ಹಳಿಯೊಡನೆ ಕೂಡಿತು. ಕ್ಯಾಸಲ್‌ರಾಕಿನಿಂದ ಕುಳೆಯವರೆಗೆ, ದೂಧಸಾಗರದ ಮಗ್ಗುಲಿನಿಂದ, ಸುಮಾರು 26 ಕಿಲೋಮೀಟರು ಸತತ ಇಳಿಜಾರು. ಬ್ರಾಡ್‌ಗೇಜ್ ಆದ ಮೇಲೆ ಅದರ ಏರು 37ಕ್ಕೆ ಒಂದು. ರಸ್ತೆಯಲ್ಲಿ ಓಡಾಡುವವರಿಗೆ ಇದು ಏನೂ ಅನ್ನಿಸಲಿಕ್ಕಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಅದು ಗೋಡೆ ಹತ್ತಿದಂತೆ. ಒಂದು ಟನ್ ಸರಕನ್ನು ಆ ಏರಿನಲ್ಲಿ ಎತ್ತಲಿಕ್ಕೇ 27 ಕಿಲೋ ಸೆಳೆತ ಬೇಕು. ಸಾವಿರಾರು ಟನ್ನಿನ ಕಲ್ಲಿದ್ದಲ ಗಾಡಿಗೆ ಎಷ್ಟಾದೀತೆಂದು ವಾಚಕರೇ ಗುಣಿಸಿ ನೋಡಬಹುದು.

ಉಗಿಯ ಕಾಲ ದಾಟಿ ಭಾರತದ ರೇಲ್ವೆಗೆ ಡೀಸೆಲ್ ದೊಡ್ಡ ಪ್ರಮಾಣದಲ್ಲಿ ಬಂದುದು ಅಮೇರಿಕೆಯ ಆಲ್ಕೋ ಕಂಪನಿಯ ಎಂಜಿನ್ನಿನೊಂದಿಗೆ. 1962ರಲ್ಲಿ ಹೊರಗಿನಿಂದ ಬಂದ, 1964ರಿಂದ ವಾರಾಣಸಿಯಲ್ಲಿಯೇ ತಯಾರಾದ ಡಬ್ಲ್ಯು.ಡಿ.ಎಂ.-2 ಎಂಬ ಆ ಎಂಜಿನ್ನಿಗೆ ಹದಿನಾರು ಸಿಲಿಂಡರು, 2600 ಅಶ್ವಶಕ್ತಿ. ಅದರ ಗಾಳಿಪಂಪಿಗೆ ರೇಲ್ವೆಯವರು ಟರ್ಬೊ-ಸೂಪರ್‌ಚಾರ್ಜರ್ ಎಂದು ಎರಡೂ ಹೆಸರು ಕೂಡಿಸಿ ಕರೆದರು. ಶೆಡ್ಡಿನವರ ಬಾಯಲ್ಲಿ ಅದು ಟಿ.ಎಸ್.ಸಿ.

ಮುಂದೆ ಆ 2600 ಸಾಲದಾಯಿತು. 1980ರ ದಶಕದಿಂದ ಲಖನೌದಲ್ಲಿರುವ ರೇಲ್ವೆಯ ಸಂಶೋಧನ ಸಂಸ್ಥೆಯವರು ಅದೇ ಎಂಜಿನ್ನನ್ನು ಸುಧಾರಿಸತೊಡಗಿದರು. 1994ರಲ್ಲಿ ಹೊರಬಿದ್ದ ಹೊಸ ಗಾಡಿಗೆ 3100 ಅಶ್ವಶಕ್ತಿ. ಸಿಲಿಂಡರು ಅವೇ ಹದಿನಾರು, ಅಳತೆಯೂ ಅದೇ. ನನ್ನ ಅಳಿಯನ ಭಾಷೆಯಲ್ಲಿ ಇದು ಶುದ್ಧ 'ಅಪ್‌ಗ್ರೇಡು'. ಆದರೆ ಅವರು ಏನೇನು ಬದಲಿಸಿದರೆಂದು ನೋಡಿರಿ. ಹೆಚ್ಚು ದಕ್ಷತೆಯ ಹೊಸ ಟರ್ಬೊ ಹಾಕಿದರು, ಸರಿ. ಅದರ ಸಂಗಡವೇ ಒತ್ತಿದ ಗಾಳಿಯನ್ನು ತಣಿಸುವ ಕೂಲರನ್ನು ದೊಡ್ಡದು ಮಾಡಿದರು. ಎಣ್ಣೆಯ ಪಂಪನ್ನು 15 ಮಿಲಿಮೀಟರಿನಿಂದ 17ಕ್ಕೆ ಏರಿಸಿದರು. ಬಾಗಿಲುಗಳು ತೆರೆದು ಮುಚ್ಚುವ ಹೊತ್ತನ್ನು ಬದಲಿಸಲು ಹೊಸ ಕ್ಯಾಮ್‌ಶಾಫ್ಟು, ಹೆಚ್ಚಿದ ಉರಿಯನ್ನು ತಡೆಯಲು ನೆತ್ತಿಗೆ ಉಕ್ಕಿನ ಟೊಪ್ಪಿಗೆ ತೊಡಿಸಿದ ಪಿಸ್ಟನ್ನು. ಟರ್ಬೊ ಒಂದನ್ನೇ ಬದಲಿಸಿ ಕೈ ತೊಳೆದುಕೊಂಡಿದ್ದರೆ ಎಂಜಿನ್ನು ಹೆಚ್ಚು ದಿನ ಬಾಳುತ್ತಿರಲಿಲ್ಲ. ಇಷ್ಟೆಲ್ಲ ಮಾಡಿದ್ದರಿಂದ ಬಲವೂ ಹೆಚ್ಚಿತು, ಎಣ್ಣೆಯೂ ಉಳಿಯಿತು.

ಕೂಲರಿನ ಮಾತನ್ನು ಹುಡುಗನಿಗೆ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆನು. ಬೇಸಿಗೆಯ 35 ಡಿಗ್ರಿಯ ಗಾಳಿಯನ್ನು ಇಂಥ ಪಂಪು ಒಂದೂವರೆ ಪಟ್ಟು ಒತ್ತಡಕ್ಕೆ ತಂದರೆ ಅದು ಕಾಯ್ದು ನೂರು ಡಿಗ್ರಿಯ ಹತ್ತಿರ ಹೋಗುತ್ತದೆ. ಕಾಯ್ದ ಗಾಳಿ ಹಿಗ್ಗುತ್ತದೆ. ಒತ್ತಡ ಒಂದೂವರೆ ಪಟ್ಟಾದರೂ ಒಳಕ್ಕೆ ಹೋದ ಗಾಳಿ ನೂರಕ್ಕೆ ಇಪ್ಪತ್ತೈದರಷ್ಟೇ ಹೆಚ್ಚು. ಅದೇ ಗಾಳಿಯನ್ನು 50 ಡಿಗ್ರಿಗೆ ತಣಿಸಿ ಕಳಿಸಿದರೆ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು. ಸಣ್ಣ ಪುಲಿ ಹಾಕಿದರೆ ಪಂಪು ಇನ್ನೂ ಜೋರಾಗಿ ತಿರುಗಿ ಇನ್ನೂ ಕಾಯುತ್ತದೆ. ತಿರುಗಲು ಎಂಜಿನ್ನಿನ ಬಲವನ್ನೇ ಇನ್ನಷ್ಟು ತಿನ್ನುತ್ತದೆ. ಕಾಯ್ದ ಗಾಳಿಯಲ್ಲಿ ಪೆಟ್ರೋಲು ಹೊತ್ತಿಗೆ ಮುಂಚೆಯೇ ಸಿಡಿದು ಎಂಜಿನ್ನು ನಾಕ್ ಹೊಡೆಯುತ್ತದೆ. ಸುತ್ತಿಗೆಯ ಪೆಟ್ಟಿನಂತೆ ಪಿಸ್ಟನ್ನಿನ ಮೇಲೆ ಬೀಳುವ ಆ ಹೊಡೆತದಿಂದ ಪಾರಾಗಲು ಗಣಕಯಂತ್ರವು ಕಿಡಿಯನ್ನು ತಡಮಾಡುತ್ತದೆ. ಪುಲಿಗೆ ಕೊಟ್ಟ ರೊಕ್ಕದಲ್ಲಿ ಅರ್ಧ ಅಲ್ಲಿಗೇ ಹೋಯಿತು.

ಈಗ ಹುಬ್ಬಳ್ಳಿಗೆ ಬರುತ್ತೇನೆ. 1999ರ ಸುಮಾರಿಗೆ ಅಮೇರಿಕೆಯ ಜನರಲ್ ಮೋಟಾರ್ಸಿನ ಹೊಸ ಡೀಸೆಲ್ ಎಂಜಿನ್ನುಗಳನ್ನು ಭಾರತ ಕೊಂಡಿತು. ಒಟ್ಟು 21, ಅವುಗಳಲ್ಲಿ 13 ಪೂರ್ಣ ಕಟ್ಟಿದವು, ಉಳಿದ 8 ಬಿಡಿಭಾಗಗಳಾಗಿ ಬಂದವು. ಡಬ್ಲ್ಯು.ಡಿ.ಜಿ.-4 ಎಂದು ಹೆಸರು, 4000 ಅಶ್ವಶಕ್ತಿ, 126 ಟನ್ ತೂಕ. ದೇಶದಲ್ಲಿ ಇವಕ್ಕೆ ಮೊದಲ ಮನೆಯಾದುದು ನಮ್ಮ ಹುಬ್ಬಳ್ಳಿಯ ಡೀಸೆಲ್ ಶೆಡ್ಡು. ನೈಋತ್ಯ ರೇಲ್ವೆ ಎಂಬ ವಿಭಾಗವು 2003ರಲ್ಲಿ ಹುಟ್ಟುವುದಕ್ಕೂ ಮೊದಲಿನ ಮಾತಿದು. ಪ್ಲಾಟ್‌ಫಾರ್ಮಿನ ಉದ್ದದ ಬಗ್ಗೆ ಹೆಮ್ಮೆಪಡುವ ನಮ್ಮ ಜನ ಇದರ ಬಗ್ಗೆ ಅಷ್ಟು ಮಾತನಾಡುವುದಿಲ್ಲ.

ಈ ಎಂಜಿನ್ನಿನ ಗಾಳಿಪಂಪು ಒಂದು ವಿಚಿತ್ರ ಸೃಷ್ಟಿ. ಎರಡೇ ಹೊಡೆತದಲ್ಲಿ ತನ್ನ ಚಕ್ರ ಮುಗಿಸುವ ಎಂಜಿನ್ನು ತಾನಾಗಿ ಉಸಿರೆಳೆದುಕೊಳ್ಳಲಾರದು, ಯಾರಾದರೂ ಊದಲೇಬೇಕು. ಸುಮ್ಮನೆ ನಿಂತಾಗ ಹೊಗೆಗೆ ಟರ್ಬೊ ತಿರುಗಿಸುವಷ್ಟು ಕಸುವು ಇರುವುದಿಲ್ಲ. ಆದ್ದರಿಂದ ಕಡಮೆ ಬಲದಲ್ಲಿ ಎಂಜಿನ್ನೇ ಹಲ್ಲುಗಾಲಿಗಳಿಂದ ಅದನ್ನು ತಿರುಗಿಸುತ್ತದೆ. ಬಲ ಏರಿ ಹೊಗೆ ಜೋರಾದಾಗ ಒಂದು ಕ್ಲಚ್ಚು ತಾನೇ ಬಿಟ್ಟುಕೊಂಡು ಟರ್ಬೊ ಸ್ವತಂತ್ರವಾಗುತ್ತದೆ. ಡೈಮ್ಲರನ ಪಂಪೂ ಬ್ಯೂಖಿಯ ಚಕ್ರವೂ ಒಂದೇ ಡಬ್ಬಿಯಲ್ಲಿ ಸಂಸಾರ ಮಾಡುತ್ತವೆ.

ಆದರೆ ಘಾಟದಲ್ಲಿ ಈ ಗಾಡಿ ಹೆಸರು ಗಳಿಸಿದುದು 4000 ಎಂಬ ಅಂಕೆಯಿಂದಲ್ಲ. ಏರಿನಲ್ಲಿ, ಮಳೆಗಾಲದಲ್ಲಿ, ಜಾರುವ ಹಳಿಯ ಮೇಲೆ ಗಾಲಿ ಸುಮ್ಮನೆ ತಿರುಗಿದರೆ ಎಷ್ಟು ಸಾವಿರ ಅಶ್ವಶಕ್ತಿ ಇದ್ದರೇನು? ಇದರ ತ್ರೀಫೇಸ್ ಮೋಟಾರುಗಳು, ಕೆಳಗೆ ನೆಲವನ್ನೇ ನೋಡಿ ನಿಜವಾದ ವೇಗ ಅಳೆಯುವ ಒಂದು ರಾಡಾರು, ಗಾಲಿ ಜಾರುವ ಮೊದಲೇ ಹಿಡಿತಕ್ಕೆ ತರುವ ಲೆಕ್ಕ, ಇವೆಲ್ಲ ಸೇರಿ ಅದು ಹಳಿಯನ್ನು ಕಚ್ಚಿ ಹಿಡಿಯುತ್ತದೆ. ಇಷ್ಟಾದರೂ ಕಲ್ಲಿದ್ದಲ ಗಾಡಿ ಏರುವಾಗ ಮುಂದೆ ಎಳೆಯಲು ಒಂದಕ್ಕಿಂತ ಹೆಚ್ಚು, ಹಿಂದೆ ನೂಕಲು ಮತ್ತಷ್ಟು ಎಂಜಿನ್ನು ಬೇಕಾದವು. ಇನ್ನು ಇಳಿಯುವಾಗ? ಆಗ ಮೋಟಾರುಗಳೇ ತಿರುವುಮುರುವಾಗಿ ವಿದ್ಯುತ್ತು ಉತ್ಪಾದಿಸಿ, ಗಾಡಿಯ ಓಟವನ್ನು ಶಾಖವಾಗಿ ಸುಟ್ಟು, ಬ್ರೇಕಾಗಿ ಕೆಲಸ ಮಾಡುತ್ತವೆ. ಕ್ಯಾಸಲ್‌ರಾಕಿನಲ್ಲಿ ಕೆಳಗಿಳಿಯುವ ಗಾಡಿಯ ಬ್ರೇಕನ್ನು ಪರೀಕ್ಷೆ ಮಾಡಿ ನೋಡುವವರನ್ನು ನಾನು ಕಂಡಿದ್ದೇನೆ. ಅವರ ಮುಖದಲ್ಲಿ ಅವಸರವೆಂಬುದು ಇರುವುದಿಲ್ಲ.

ಇಷ್ಟು ಹೇಳಿ ನಾನು ಯಾದಿಯನ್ನು ತಲೆಕೆಳಗಾಗಿ ತಿರುಗಿಸಿ ಹುಡುಗನ ಮುಂದಿಟ್ಟೆನು. "ಕೆಳಗಿಂದ ಓದು."

ಅವನು ನಕ್ಕನು. ನನಗೆ ನಗೆ ಬರಲಿಲ್ಲ. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ, ಇಟಿಗಟ್ಟಿಯ ಹತ್ತಿರ, 2021ರ ಜನವರಿಯಲ್ಲಿ ಸಂಕ್ರಾಂತಿಯ ಮಾರನೆಯ ದಿವಸ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಗಾಡಿ ಟಿಪ್ಪರಿಗೆ ಢಿಕ್ಕಿಯಾದುದನ್ನು ಈ ಊರಿನವರಾರೂ ಮರೆತಿಲ್ಲ. ಅಲ್ಲಿ ಯಾರ ಗಾಡಿಗೂ ಸೂಪರ್‌ಚಾರ್ಜರು ಇರಲಿಲ್ಲ. ಗೋವಾಕ್ಕೆ ಹೊರಟ ಉಲ್ಲಾಸ ಮಾತ್ರ ಇದೇ ಬಗೆಯದು. ವೇಗ 80ರಿಂದ 100ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ನೂರಕ್ಕೆ ಇಪ್ಪತ್ತೈದಲ್ಲ, ಐವತ್ತಾರರಷ್ಟು ಹೆಚ್ಚುತ್ತದೆ. ಬ್ರೇಕಿನ ಎಣ್ಣೆಯು ವರುಷಗಳು ಕಳೆದಂತೆ ಗಾಳಿಯಲ್ಲಿನ ನೀರನ್ನು ಹೀರುತ್ತದೆ. ಉದ್ದನ್ನ ಇಳಿಜಾರಿನಲ್ಲಿ ಬ್ರೇಕು ಕಾಯ್ದಾಗ ಆ ನೀರು ಕುದಿದು ಆವಿಯಾಗಿ, ಕಾಲ್ಮಣೆ ಪೊಳ್ಳಾಗಿ ಒಳಕ್ಕೆ ಹೋಗುತ್ತದೆ. ಅವನ ಗಾಡಿಯ ಎಣ್ಣೆಯನ್ನು ಯಾವಾಗ ಬದಲಿಸಿದ್ದರು ಎಂದು ಕೇಳಿದೆನು. ಹಿಂದಿನ ಮಾಲೀಕನಿಗೇ ಗೊತ್ತಿರಬೇಕು ಎಂದನು.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿಯ ವಿವರಗಳು ತಯಾರಕನ ಮೂಲ ವಿವರಗಳಿಂದ ಬೇರೆಯಾಗುವಂತೆ ಗಾಡಿಯನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಗುಡುಗುವ ಸೈಲೆನ್ಸರಿನ ಗತಿ ಏನೆಂದು ಹೇಳಬೇಕಾಗಿಲ್ಲ. ಅದಕ್ಕೆ ನಾನೇ ಗೆರೆ ಎಳೆದೆನು. ಸಣ್ಣ ಪುಲಿಯನ್ನೂ ಹೊಸ ಲೆಕ್ಕವನ್ನೂ ಆರ್.ಟಿ.ಓ. ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಬರವಣಿಗೆಯಲ್ಲಿ ಕೇಳದೆ ಮುಟ್ಟಬಾರದೆಂದೆನು.

"ಹಂಗಾದ್ರ ಉಳದದ್ದ ಏನ್ರಿ ಮಾಮಾ?"

ಉಳಿದದ್ದು ಬಹಳವಿತ್ತು. ಹದಿನೆಂಟು ವರ್ಷದ ಗಾಡಿಯಲ್ಲಿ ಗಾಳಿಯ ರಬ್ಬರು ಕೊಳವೆಗಳು ಸೀಳಿರುತ್ತವೆ, ಒತ್ತಿದ ಗಾಳಿ ಅಲ್ಲಿಂದಲೇ ಸೋರುತ್ತದೆ. ಬೆಲ್ಟು ಸಡಿಲಾಗಿ ಪಂಪು ಜಾರುತ್ತದೆ. ಕೂಲರಿನ ರೆಕ್ಕೆಗಳ ನಡುವೆ ಧೂಳು, ಹುಳ, ಮಣ್ಣು ಕೂಡಿ ಅದು ತಣಿಸುವುದನ್ನು ಬಿಟ್ಟಿರುತ್ತದೆ. ಇಂಜೆಕ್ಟರುಗಳ ಬಾಯಿ ಕಟ್ಟಿರುತ್ತದೆ. ಈ ಗಾಡಿ ಹೊಸದಿದ್ದಾಗ 163 ಅಶ್ವಶಕ್ತಿಯದು. ಅದರಲ್ಲಿ ಈಗ ಎಷ್ಟು ಉಳಿದಿದೆಯೋ ಅವನು ಅಳೆಯಿಸಿಲ್ಲ. ತನ್ನದಾಗಿದ್ದುದನ್ನೇ ಮರಳಿ ಪಡೆದರೆ ಯಾವ ಕಲಮೂ ಅಡ್ಡ ಬರುವುದಿಲ್ಲ, ಖರ್ಚೂ ಯಾದಿಯ ಅರ್ಧಕ್ಕೆ ಮುಗಿಯುತ್ತದೆ.

ಅವನು ಚಹಾ ಕುಡಿಯುತ್ತ ಯಾದಿಯ ಹಿಂಬದಿಗೆ ಹೊಸದಾಗಿ ಬರೆದುಕೊಂಡನು: ಬ್ರೇಕಿನ ಎಣ್ಣೆ, ಪ್ಯಾಡು, ಟಾಯರು, ಕೊಳವೆ, ಬೆಲ್ಟು, ಕೂಲರು ತೊಳೆಯುವುದು. ಪುಲಿಯ ಮುಂದೆ ಒಂದು ಪ್ರಶ್ನಚಿಹ್ನೆ ಹಾಕಿಕೊಂಡನು. ಅದನ್ನು ಪೂರ್ಣ ಬಿಡಿಸುವುದು ನನ್ನಿಂದ ಸಾಧ್ಯವಾಗಲಿಲ್ಲ.

ಸಂಜೆಗೆ ಅಕ್ಕನ ಫೋನು ಬಂದಿತು. "ಹುಡುಗಗ ಏನ ಹೇಳಿ ಕಳಿಸೀದೋ? ಊಟಕ್ಕೂ ಕೂಡಲಿಲ್ಲ, ನಾಲ್ಕು ಟಾಯರ ತರತೇನಂತ ಹೋಗ್ಯಾನ."